ಎಲೆ ಹಳದಿಯಾದರೆ ‘ಗೊಬ್ಬರ’

ಗೊಬ್ಬರ

ಬೇಲೂರು ತಾಲೂಕಿನ ಅರೇಹಳ್ಳಿ ಕಡೆಯ ತೋಟಗಳಲ್ಲಿ ಕಾಫಿ ಗಿಡದ ಎಲೆ ಹಳದಿಯಾದರೆ ಬಾಯಿಗೆ ಬರುವ ಮೊದಲ ಮಾತು: ‘ಗೊಬ್ಬರ ಸಾಲದು.’

ಸಂಸ್ಕೃತದ ಗೋರ್ವರ, ಪ್ರಾಕೃತದ ಗೊವ್ವರದ ನೆಂಟ ಈ ಪದ. ಅಲ್ಲಿ ಅರ್ಥ ಬರೀ ಸಗಣಿ. ಹಿಂದಿಯ ಗೋಬರ್ ಇಂದಿಗೂ ಅಲ್ಲೇ ನಿಂತಿದೆ. ನಮ್ಮಲ್ಲಿ ಸಗಣಿಗೆ ಬೇರೆ ಹೆಸರು ಇದ್ದುದರಿಂದಲೋ ಏನೋ, ಗೊಬ್ಬರ ಹೊಲಕ್ಕಿಳಿಯಿತು: ಮಣ್ಣಿಗೆ ಸಾರ ಕೊಡುವುದೆಲ್ಲ ಗೊಬ್ಬರವೇ. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ, ಎರೆಗೊಬ್ಬರ. ಯೂರಿಯಾ ಚೀಲ ಬಂದಾಗ ಹಳ್ಳಿಗರು ಅದನ್ನು ‘ಸರ್ಕಾರಿ ಗೊಬ್ಬರ’ ಎಂದರು. ಪುಸ್ತಕದ ‘ರಸಗೊಬ್ಬರ’ಕ್ಕಿಂತ ನನಗೆ ಇದೇ ಇಷ್ಟ. ಇತ್ತ ಗೋಬರ್ ಗ್ಯಾಸ್ ಆಗಿ ಹಿಂದಿ ರೂಪವೂ ನಮ್ಮ ಹಿತ್ತಿಲಿಗೆ ಬಂದಿದೆ.

ಇಷ್ಟು ಹಿಗ್ಗಿದ ಪದ, ಕೊರತೆ ಯಾವುದರದ್ದು ಎಂದು ಹೇಳುವುದಿಲ್ಲ. ಗಿಡ ಹೇಳುತ್ತದೆ. ಕೆಳಗಿನ ಹಳೆ ಎಲೆ ಇಡಿಯಾಗಿ ಹಳದಿಗೆ ತಿರುಗಿದರೆ ಸಾರಜನಕದ ಮೇಲೆ ಅನುಮಾನ. ಹಳೆ ಎಲೆಯ ನರ ಹಸಿರಾಗೇ ಉಳಿದು ನಡುವೆ ಹಳದಿಯಾದರೆ ಮೆಗ್ನೀಸಿಯಂ. ಅದೇ ಚಹರೆ ಚಿಗುರಿನಲ್ಲಿ ಕಂಡರೆ ಕಬ್ಬಿಣ. ಸುಣ್ಣ ಅತಿಯಾದ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಬೇರಿಗೆ ದಕ್ಕದು. ಅಲ್ಲಿ ಇನ್ನೊಂದು ಚೀಲ ಯೂರಿಯಾ ಸುರಿದು ಫಲವಿಲ್ಲ. ಬೇರು ಕೊಳೆತರೂ ಎಲೆ ಹಳದಿಯಾಗುತ್ತದೆ, ಅದಕ್ಕಂತೂ ಗೊಬ್ಬರ ಮದ್ದೇ ಅಲ್ಲ.

ಬಾಳೆಹೊನ್ನೂರಿನ ಬಳಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರವಿದೆ. ಸಾಲದ್ದು ಯಾವುದೆಂದು ಮೊದಲು ಅಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಗೊಬ್ಬರದಂಗಡಿಗೆ ಆಮೇಲೆ ಹೋಗಿ.