ಕಪೆರ್ನೌಮಿನ ಕಲ್ಲುಗಳು

ಗಲಿಲಾಯ ಸಮುದ್ರವು ವಾಸ್ತವದಲ್ಲಿ ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ತಗ್ಗಿನಲ್ಲಿರುವ ಸಿಹಿನೀರಿನ ಸರೋವರ. ಅದರ ವಾಯವ್ಯ ದಡದ ಸಣ್ಣ ಊರು ಕಪೆರ್ನೌಮ್. ‘ನಹೂಮನ ಹಳ್ಳಿ’ ಎಂಬುದು ಆ ಹೆಸರಿನ ಅರ್ಥ. ಹೆರೋದ ಅಂತಿಪನ ಸೀಮೆಯ ಗಡಿಗೆ ಸಮೀಪವಾಗಿದ್ದ ಈ ಊರಿನಲ್ಲಿ ಬೆಸ್ತರೂ ಸುಂಕದವರೂ ಒಬ್ಬ ಶತಾಧಿಪತಿಯೂ ಇದ್ದರೆಂದು ಸುವಾರ್ತೆಗಳು ತಿಳಿಸುತ್ತವೆ. ನಜರೇತನ್ನು ಬಿಟ್ಟ ಯೇಸುಸ್ವಾಮಿ ಬಂದು ನೆಲಸಿದ್ದು ಇಲ್ಲಿಯೇ (ಮತ್ತಾಯ 4:13).

ಇದೇ ಊರಿನ ಮೇಲೆ ಕರ್ತನು ನುಡಿದ ಕಠಿಣ ವಾಕ್ಯವನ್ನು (ಮತ್ತಾಯ 11:23) ವಿವರಿಸುವಾಗ, ಅಲ್ಲಿನ ಪಾಳುಗೋಡೆಗಳೇ ಆ ಶಾಪದ ನೆರವೇರಿಕೆಯೆಂದು ಬೋಧಿಸುವುದುಂಟು. ಇತಿಹಾಸವು ಇದನ್ನು ಸಮರ್ಥಿಸುವುದಿಲ್ಲ. 1894ರಲ್ಲಿ ಫ್ರಾನ್ಸಿಸ್ಕನ್ನರು ಈ ನೆಲವನ್ನು ಕೊಂಡರು. 1968ರಿಂದ ಕೊರ್ಬೊ ಮತ್ತು ಲೊಫ್ರೆದಾ ಅಲ್ಲಿ ಉತ್ಖನನ ನಡೆಸಿದರು. ಕಪ್ಪು ಬಸಾಲ್ಟ್ ಕಲ್ಲಿನ ಮನೆಗಳ ನಡುವೆ ಗಾರೆ ಬಳಿದ ಒಂದು ಕೋಣೆ ಕಂಡುಬಂದಿತು. ಆದಿ ವಿಶ್ವಾಸಿಗಳು ಅದನ್ನು ಪೇತ್ರನ ಮನೆಯೆಂದು ಗೌರವಿಸಿದ್ದರು. 5ನೆಯ ಶತಮಾನದಲ್ಲಿ ಅದರ ಮೇಲೆ ಅಷ್ಟಕೋನದ ದೇವಾಲಯವೆದ್ದಿತು. ಕೂಗಳತೆಯ ದೂರದಲ್ಲಿಯೇ ಬಿಳಿ ಸುಣ್ಣಕಲ್ಲಿನ ಯೆಹೂದ್ಯ ಸಭಾಮಂದಿರವೂ ನಿಂತಿತ್ತು. ಕರ್ತನ ಎಚ್ಚರಿಕೆಯ ನಂತರವೂ ಶತಮಾನಗಳ ಕಾಲ ಜನರು ಅಲ್ಲಿ ಬಾಳಿದರು, ಪ್ರಾರ್ಥಿಸಿದರು.

ಆದುದರಿಂದ ಆ ವಾಕ್ಯವನ್ನು ಕಲ್ಲುಗಳ ಮೇಲಾಗಲಿ ಯೆಹೂದ್ಯರ ಮೇಲಾಗಲಿ ಹೊರಿಸಿ ನಾವು ಪಾರಾಗುವಂತಿಲ್ಲ. ಮಹತ್ಕಾರ್ಯಗಳನ್ನು ಕಣ್ಣಾರೆ ಕಂಡೂ ಮಾನಸಾಂತರ ಹೊಂದದವರಿಗೆ ಅದು ಹೇಳಲ್ಪಟ್ಟಿತು. ಪ್ರತಿದಿನ ವಾಕ್ಯವನ್ನು ಕೈಯಲ್ಲಿ ಹಿಡಿಯುವ ಸಭಾಪಾಲಕರಾದ ನಾವೇ ಕಪೆರ್ನೌಮಿನ ನಿಜವಾದ ನಿವಾಸಿಗಳು.