ಸೆರೊಟೋನಿನ್ ಜಾಡು ಹಿಡಿದು

ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾ ಸಂಸ್ಥೆಯ ಮನೋವೈದ್ಯೆ ಮರೀ ಓಸ್‌ಬರ್ಗ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯೇ ಒಂದು ಪ್ರಶ್ನೆ: ಆತ್ಮಹತ್ಯೆಯ ಮುನ್ಸೂಚನೆ ರಾಸಾಯನಿಕವಾಗಿ ಸಿಗಬಹುದೇ? ಖಿನ್ನತೆಯಿಂದ ನರಳುತ್ತಿದ್ದ 68 ಜನರ ಸೊಂಟದ ಬಳಿ ಸೂಜಿ ಹಾಕಿ, ಬೆನ್ನುಹುರಿಯ ಸುತ್ತಲಿನ ದ್ರವ ತೆಗೆದು, ಮಿದುಳಿನ ರಾಸಾಯನಿಕವಾದ ಸೆರೊಟೋನಿನ್ ಒಡೆದ ಮೇಲೆ ಉಳಿಯುವ ವಸ್ತು ಅದರಲ್ಲಿ ಎಷ್ಟಿದೆಯೆಂದು ಅವರು ಅಳೆದರು. ಪ್ರಮಾಣ ಕಡಿಮೆಯಿದ್ದ 20 ಜನರಲ್ಲಿ 8 ಮಂದಿ ಆತ್ಮಹತ್ಯೆಗೆ ಯತ್ನಿಸಿದ್ದರು. ಉಳಿದ 48ರಲ್ಲಿ 7 ಮಂದಿ. ವ್ಯತ್ಯಾಸ ದೊಡ್ಡದೇ. ಆದರೆ ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ: ಕಡಿಮೆ ಇದ್ದವರಲ್ಲಿ 12 ಜನ ಯತ್ನಿಸಿಯೇ ಇರಲಿಲ್ಲ, ಯತ್ನಿಸಿದ 15 ಜನರಲ್ಲಿ ಅರ್ಧದಷ್ಟು ಮಂದಿಯ ಪ್ರಮಾಣ ಕಡಿಮೆ ಇರಲಿಲ್ಲ. ಗುಂಪಿನ ಬಗ್ಗೆ ನಿಜವಾದ ಮಾತು ಎದುರಿಗೆ ಕೂತ ರೋಗಿಯ ಬಗ್ಗೆ ಹೆಚ್ಚೇನೂ ಹೇಳುತ್ತಿರಲಿಲ್ಲ. ಮುಂದಿನ ಮೂರು ದಶಕಗಳ ಸಂಶೋಧನೆ ಎಡವಿದ್ದು ಇಲ್ಲೇ ಎಂದು ನನ್ನ ವಾದ.

ಹಾಗಾದರೆ ಆತ್ಮಹತ್ಯೆ ಕೆಲವು ಮನೆತನಗಳಲ್ಲಿ ಮತ್ತೆ ಮತ್ತೆ ಕಾಣಿಸುವುದೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ದತ್ತು ಹೋದವರ ದಾಖಲೆಗಳನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದ ಡೆನ್ಮಾರ್ಕ್‌ನಲ್ಲಿ 1979ರಲ್ಲಿ ಇದಕ್ಕೆ ಗಟ್ಟಿ ಉತ್ತರವೇ ಸಿಕ್ಕಿತು. ಆತ್ಮಹತ್ಯೆ ಮಾಡಿಕೊಂಡ 57 ದತ್ತು ಮಕ್ಕಳ ರಕ್ತಸಂಬಂಧಿಗಳು 269 ಜನ. ಅವರಲ್ಲಿ 12 ಮಂದಿ ಅದೇ ರೀತಿ ಸತ್ತಿದ್ದರು. ಹೋಲಿಕೆಗೆಂದು ತೆಗೆದುಕೊಂಡ, ಆತ್ಮಹತ್ಯೆ ಮಾಡಿಕೊಳ್ಳದ ದತ್ತು ಮಕ್ಕಳ ಅಷ್ಟೇ ಸಂಖ್ಯೆಯ ರಕ್ತಸಂಬಂಧಿಗಳಲ್ಲಿ ಇಬ್ಬರು. ಸಾಕಿದ ಮನೆಗಳಲ್ಲಿ ಒಬ್ಬರೂ ಇಲ್ಲ. ಆನುವಂಶಿಕತೆ ಇದೆ ಎನ್ನಲು ಇದು ಸಾಕು. ಆದರೆ ಅದು ಒಂದೋ ಎರಡೋ ಜೀನ್‌ಗಳಲ್ಲಿ, ಅದೂ ಸೆರೊಟೋನಿನ್ ಜೀನ್‌ಗಳಲ್ಲೇ ಕೂತಿದೆ ಎನ್ನಲು ಯಾವ ಆಧಾರವೂ ಇರಲಿಲ್ಲ. ಆತ್ಮಹತ್ಯೆಯೊಂದಿಗೆ ಹೆಚ್ಚಾಗಿ ತಳುಕು ಹಾಕಿದ್ದ ರಾಸಾಯನಿಕ ಅದು, ಹುಡುಕಾಟವೂ ಹೆಚ್ಚಾಗಿ ಅದರ ಸುತ್ತಲೇ ನಡೆಯಿತು. 2003ರಲ್ಲಿ ನ್ಯೂಜಿಲೆಂಡ್‌ನ ಡನೀಡಿನ್‌ನ 847 ಯುವಜನರ ಅಧ್ಯಯನವೊಂದು, ಸೆರೊಟೋನಿನ್ ಸಾಗಣೆಯ ಜೀನ್‌ನ ಗಿಡ್ಡ ರೂಪವಿರುವವರು ಬದುಕಿನ ಪೆಟ್ಟಿಗೆ ಬೇಗ ಖಿನ್ನತೆಗೂ ಆತ್ಮಹತ್ಯೆಯ ಯೋಚನೆಗೂ ಜಾರುತ್ತಾರೆ ಎಂದಿತು. ಕೇಳಲು ಸೊಗಸಾದ ಕಥೆ, ಪತ್ರಿಕೆಗಳೂ ಕುಣಿದಾಡಿದವು. 2009ರಲ್ಲಿ 14 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಖಿನ್ನತೆಯ ಮಟ್ಟಿಗೆ ಉಳಿದದ್ದು ಬದುಕಿನ ಪೆಟ್ಟಿನ ಪ್ರಭಾವ ಮಾತ್ರ, ಜೀನ್‌ನದಲ್ಲ. 2019ರಲ್ಲಿ ಖಿನ್ನತೆಯ ಹೆಸರಾಂತ 18 ಜೀನ್‌ಗಳು, ಕಣ್ಣುಮುಚ್ಚಿ ಆರಿಸಿದ ಜೀನ್‌ಗಳಿಗಿಂತ ಮೇಲಲ್ಲ ಎಂದಾಯಿತು.

ಇಡೀ ಜೀನೋಮ್ ಜಾಲಾಡುವ ಈಗಿನ ವಿಧಾನ ಈ ವಾದಕ್ಕೆ ಉತ್ತರವಲ್ಲವೇ? ಸ್ವಲ್ಪ ಮಟ್ಟಿಗೆ ಹೌದು. ಆತ್ಮಹತ್ಯೆಗೆ ಯತ್ನಿಸಿದ ಸುಮಾರು 30,000 ಜನರನ್ನು ಒಳಗೊಂಡ 2022ರ ಅಧ್ಯಯನ 7ನೆಯ ವರ್ಣತಂತುವಿನಲ್ಲಿ ಒಂದು ಜಾಗವನ್ನು ಗುರುತಿಸಿತು. ಅಷ್ಟು ಜನರನ್ನು ಕಲೆಹಾಕಿದರಷ್ಟೇ ಕಾಣುವ ಪ್ರಭಾವ ಎಷ್ಟು ಚಿಕ್ಕದಿರಬೇಕು! ಇದಕ್ಕಿಂತ ನನ್ನ ಗಮನ ಸೆಳೆಯುವುದು ಮಾಂಟ್ರಿಯಲ್‌ನಲ್ಲಿ 2009ರಲ್ಲಿ ನಡೆದ ಸಣ್ಣ ಅಧ್ಯಯನ. ಅಲ್ಲಿ ಪರೀಕ್ಷಿಸಿದ್ದು ಸತ್ತವರ 36 ಮಿದುಳುಗಳನ್ನು ಮಾತ್ರ, ಹಾಗಾಗಿ ಎಚ್ಚರಿಕೆ ಬೇಕು. ಒತ್ತಡದ ಹಾರ್ಮೋನಿಗೆ ಸ್ಪಂದಿಸುವ ಜೀನ್‌ನ ಮೇಲೆ ಸಂಶೋಧಕರಿಗೊಂದು ರಾಸಾಯನಿಕ ಗುರುತು ಹೆಚ್ಚಾಗಿ ಕಂಡಿತು. ಆದರೆ ಆತ್ಮಹತ್ಯೆಯಿಂದ ಸತ್ತವರೆಲ್ಲರಲ್ಲೂ ಅಲ್ಲ, ಅವರ ಪೈಕಿ ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದ್ದವರಲ್ಲಿ ಮಾತ್ರ.