ಕಿಂಗ್ ಹೆಸರಿನ ಒಂದು ರಜೆಗೆ 15 ವರ್ಷ

ನಮ್ಮ ಆಫೀಸಿನಲ್ಲಿ ವರ್ಷಾವರ್ಷ ರಜಾ ಪಟ್ಟಿ ಟೈಪ್ ಮಾಡಿ ನೋಟಿಸ್ ಬೋರ್ಡಿಗೆ ಅಂಟಿಸೋನು ನಾನೇ. 2024ರಲ್ಲಿ ಏಪ್ರಿಲ್ 14 ಭಾನುವಾರ ಬಂದಿತ್ತು. ಸಹೋದ್ಯೋಗಿಯೊಬ್ಬರು ಪಟ್ಟಿ ನೋಡಿ, "ಒಳ್ಳೇದೇ ಆಯ್ತು ಬಿಡಿ. ಅಂಬೇಡ್ಕರ್ ಅಷ್ಟೊಂದು ಕೆಲಸ ಮಾಡಿದವರು, ಅವರ ಹೆಸರಲ್ಲಿ ರಜೆ ಯಾಕೆ?" ಅಂದರು. ಅದೇ ಪಟ್ಟಿಯ ಬೇರೆ ಯಾವ ಹಬ್ಬದ ಬಗ್ಗೆಯೂ ಅವರಿಗೆ ಈ ಪ್ರಶ್ನೆ ಬರಲಿಲ್ಲ. ಆವತ್ತು ಸುಮ್ಮನಿದ್ದೆ. ಇವತ್ತು ಉತ್ತರ ಬರೀತಿದೀನಿ, ಆದರೆ ಇದು ಅಮೆರಿಕದ ಕತೆ.

ಅಮೆರಿಕ ಯಾಕೆ ಅಂದ್ರೆ, ಮಾರ್ಟಿನ್ ಲೂಥರ್ ಕಿಂಗ್ ನಮಗೆ ಹೊರಗಿನವರಲ್ಲ. 1959ರಲ್ಲಿ ಅವರು ಕೇರಳಕ್ಕೆ ಬಂದಾಗ ನಮ್ಮಂಥ ಮಕ್ಕಳು ಓದುತ್ತಿದ್ದ ಶಾಲೆಯೊಂದರ ಹೆಡ್‌ಮಾಸ್ಟರು ಅವರನ್ನ ಅಮೆರಿಕದ ಅಸ್ಪೃಶ್ಯ ಅಂತ ಪರಿಚಯಿಸಿದರಂತೆ. ಮೊದಲು ಬೇಜಾರಾಯ್ತು, ಆಮೇಲೆ ಹೌದು, ನಾನೂ ಅಸ್ಪೃಶ್ಯನೇ ಅನ್ನಿಸ್ತು ಅಂತ ಕಿಂಗ್ ಅವರೇ 1965ರ ಉಪದೇಶವೊಂದರಲ್ಲಿ ಹೇಳಿಕೊಂಡಿದ್ದಾರೆ.

1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಅವರ ಕೊಲೆಯಾಯ್ತು. ಅಲ್ಲಿಗೆ ಹೋಗಿದ್ದು ಯಾಕೆ ಗೊತ್ತಾ? ಕಸ ಎತ್ತುವ ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೊಡೋಕೆ. ಈ ಮಾತನ್ನ ನಮ್ಮ ಕೇರಿಗಳಲ್ಲಿ ಗಟ್ಟಿಯಾಗಿ ಹೇಳಬೇಕು. ನಾಲ್ಕೇ ದಿನಕ್ಕೆ ಡೆಟ್ರಾಯಿಟ್‌ನ ಕಪ್ಪು ಸಂಸದ ಜಾನ್ ಕಾನ್ಯರ್ಸ್ ಮಸೂದೆ ತಂದರು: ಕಿಂಗ್ ಹುಟ್ಟಿದ ಜನವರಿ 15 ರಾಷ್ಟ್ರೀಯ ರಜೆಯಾಗಬೇಕು. ಮಸೂದೆ ಮುಂದೆ ಹೋಗಲೇ ಇಲ್ಲ. ತಮಾಷೆ ನೋಡಿ, ಅದೇ ವರ್ಷ ಜೂನ್‌ನಲ್ಲಿ ಅದೇ ಸಂಸತ್ತಿನ ಇನ್ನೊಂದು ರಜಾ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಸತ್ತು 460 ವರ್ಷ ದಾಟಿದ್ದ ಕೊಲಂಬಸ್‌ಗೆ ಅದರಲ್ಲಿ ಹೊಸ ರಾಷ್ಟ್ರೀಯ ರಜೆ ಸಿಕ್ತು!

ಕಾನ್ಯರ್ಸ್ ಬಿಡಲಿಲ್ಲ, ಮತ್ತೆ ಮತ್ತೆ ಮಸೂದೆ ತಂದರು. ಕಾರ್ಮಿಕ ಸಂಘಗಳು ಸಂಬಳದ ಒಪ್ಪಂದದಲ್ಲಿ ಈ ರಜೆ ಸೇರಿಸಿ ಅಂತ ಪಟ್ಟು ಹಿಡಿದವು. ಕಡೆಗೂ 1979ರ ನವೆಂಬರ್‌ನಲ್ಲಿ ಕೆಳಮನೆಯಲ್ಲಿ ಮತಕ್ಕೆ ಬಂತು. ಪರ 252, ವಿರೋಧ 133. ಆದರೆ ಮಸೂದೆ ತಂದ ನಿಯಮದ ಪ್ರಕಾರ ಮೂರನೇ ಎರಡರಷ್ಟು ಮತ ಬೇಕಿತ್ತು. ಐದೇ ಐದು ಮತ ಕಮ್ಮಿ ಬಿತ್ತು.

ವಿರೋಧ ಮಾಡಿದವರು ಹೇಳಿದ್ದೇನು? ಸಂಬಳ ಕೊಟ್ಟು ಇನ್ನೊಂದು ರಜೆ ಕೊಡೋದು ದುಬಾರಿ. ಕೊಲಂಬಸ್ ಸರದಿಯಲ್ಲಿ ದುಡ್ಡಿತ್ತು, ಕಿಂಗ್ ಸರದಿಗೆ ಖಾಲಿ! ಇನ್ನೊಂದು ವಾದ, ಯಾವ ಸರ್ಕಾರಿ ಹುದ್ದೆಯನ್ನೂ ಹಿಡಿಯದ ವ್ಯಕ್ತಿಗೆ ಇಂಥ ಗೌರವ ಬೇಡ ಅನ್ನೋದು. ಹುದ್ದೆ ಹಾಗಿರಲಿ, ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಓಟು ಹಾಕೋಕೇ ಬಿಡುತ್ತಿರಲಿಲ್ಲವಲ್ಲ ಸ್ವಾಮಿ. ಡಿಸೆಂಬರ್‌ನಲ್ಲಿ ಇನ್ನೂ ನಾಜೂಕಾದ ಆಟ ಆಡಿದರು. ಕಿಂಗ್ ದಿನ ಇರಲಿ, ಆದರೆ ಭಾನುವಾರ ಇರಲಿ ಅಂತ ತಿದ್ದುಪಡಿ ತಂದರು, ಅದು ಪಾಸೂ ಆಯ್ತು! ಗೌರವ ಕೊಡ್ತೀವಿ, ಹೇಗೂ ಆಫೀಸು ಮುಚ್ಚಿರೋ ದಿನ ಕೊಡ್ತೀವಿ ಅಂತ. ಮಸೂದೆ ತಂದವರು ಅದನ್ನೇ ವಾಪಸ್ ತಗೊಂಡರು. ಇದನ್ನ ಓದಿದಾಗ ನಮ್ಮ ನೋಟಿಸ್ ಬೋರ್ಡೇ ಕಣ್ಣಿಗೆ ಬಂತು.

ಆಮೇಲೆ ಹೋರಾಟ ಬೀದಿಗೆ ಬಂತು. ಸ್ಟೀವಿ ವಂಡರ್ ಇದಕ್ಕಂತಲೇ ಹಾಡು ಕಟ್ಟಿದರು, 60 ಲಕ್ಷ ಸಹಿ ಸಂಗ್ರಹ ಆಯ್ತು. 1983ರಲ್ಲಿ ಇಂಡಿಯಾನಾದ ಕಪ್ಪು ಸಂಸದೆ ಕೇಟಿ ಹಾಲ್ ಜನವರಿ 15ರ ಬದಲು ಆ ತಿಂಗಳ ಮೂರನೇ ಸೋಮವಾರ ಅಂತ ಮಸೂದೆ ತಂದರು. ಹುಟ್ಟಿದ ದಿನವನ್ನೇ ಸರಿಸಿದ್ದು ನನಗೆ ಈಗಲೂ ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಗೆದ್ದದ್ದು ಅದರಿಂದಲೇ. ಕೆಳಮನೆಯಲ್ಲಿ 338-90.

ಸೆನೆಟ್‌ನಲ್ಲಿ ನಾರ್ತ್ ಕೆರೊಲಿನಾದ ಜೆಸ್ಸಿ ಹೆಲ್ಮ್ಸ್ ಅಡ್ಡ ನಿಂತರು. ಕಿಂಗ್‌ಗೆ ಕಮ್ಯುನಿಸ್ಟರ ನಂಟಿತ್ತು ಅಂತ ದಪ್ಪನೆಯ ದಾಖಲೆಯ ಕಟ್ಟು ಹಂಚಿದರು. ನ್ಯೂಯಾರ್ಕ್‌ನ ಸೆನೆಟರ್ ಮೊಯ್ನಿಹಾನ್ ಅದು ಹೊಲಸು ಅಂತ ಸದನದಲ್ಲೇ ನೆಲಕ್ಕೆ ಎಸೆದರು. ಅಕ್ಟೋಬರ್ 19ರಂದು 78-22ರಲ್ಲಿ ಪಾಸಾಯ್ತು. ಕಿಂಗ್ ಕಮ್ಯುನಿಸ್ಟ್ ಪರ ಇದ್ದರಾ ಅಂತ ಕೇಳಿದ್ದಕ್ಕೆ ಅಧ್ಯಕ್ಷ ರೇಗನ್, ಇನ್ನೊಂದು 35 ವರ್ಷಕ್ಕೆ ಗೊತ್ತಾಗುತ್ತೆ ಅಂತ ಕೊಂಕು ನುಡಿದರು. ಆಮೇಲೆ ಕಿಂಗ್ ಪತ್ನಿ ಕೊರೆಟಾ ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಬೇಕಾಯ್ತು. ನವೆಂಬರ್ 2ರಂದು ಸಹಿ ಹಾಕಿದರು. ಮೊದಲ ರಜೆ 1986ರ ಜನವರಿ 20.

ಮುಗೀತಾ? ಇಲ್ಲ. ಆ ಕಾಯ್ದೆ ಕೇಂದ್ರದ ಕಚೇರಿಗಳಿಗೆ ಮಾತ್ರ. ಅರಿಜೋನಾದ ಮತದಾರರು 1990ರಲ್ಲಿ ಬೇಡ ಅಂದರು. ದೊಡ್ಡ ಫುಟ್‌ಬಾಲ್ ಪಂದ್ಯ ಕೈತಪ್ಪಿದ ಮೇಲೆ, 1992ರಲ್ಲಿ ಹೂಂ ಅಂದರು. ಸೌತ್ ಕೆರೊಲಿನಾ ತನ್ನ ನೌಕರರಿಗೆಲ್ಲ ಈ ರಜೆ ಕೊಡೋ ಹೊತ್ತಿಗೆ 2000ನೇ ಇಸವಿ ಬಂದಿತ್ತು. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳಲ್ಲಿ ಇವತ್ತಿಗೂ ಅದೇ ಸೋಮವಾರ ರಾಬರ್ಟ್ ಲೀ ಜಯಂತಿ ಕೂಡ. ಗುಲಾಮಗಿರಿ ಉಳಿಸೋಕೆ ಯುದ್ಧ ಮಾಡಿದ ಸೈನ್ಯದ ದಂಡನಾಯಕ ಈ ಲೀ. ಅಲ್ಲಿಯ ಆಫೀಸುಗಳಲ್ಲೂ ನನ್ನಂಥ ಗುಮಾಸ್ತರು ಇರ್ತಾರೆ. ಪ್ರತಿ ವರ್ಷ ಆ ಎರಡೂ ಹೆಸರನ್ನ ಒಂದೇ ಸಾಲಿನಲ್ಲಿ ಟೈಪ್ ಮಾಡ್ತಾರೆ.

ಜೈ ಭೀಮ್.